ಸೌದಿ ಮಿಕ್ಸರ್ ಮತ್ತು ಶನಿವಾರ

"ಇದನ್ನು ನೀವೇ ಇಟ್ಕೊಳ್ಳಿ. ನನಗೆ ಹಣ ವಾಪಸ್ ಕೊಡಿ."

ಗೇಟಿನ ಹೊರಗೆ ನಿಂತವನು ಭಾರದ ಕೇಕ್ ಮಿಕ್ಸರ್ ಒಂದನ್ನು ಮಗುವಿನಂತೆ ಎತ್ತಿಕೊಂಡಿದ್ದ. ಅದರ ಅಂಚಿಗೆ ಬೆಣ್ಣೆ, ಸಕ್ಕರೆ ಒಣಗಿ ಅಂಟಿತ್ತು. ಅವನ ಅಂಗಿಯ ತೋಳಿಗೂ ಅಂಟಿತ್ತು.

ಕ್ಯಾರಲ್ ಕಂಕನಾಡಿಯ ಆಸ್ಪತ್ರೆಯ ಲ್ಯಾಬಿನಲ್ಲಿ ಡ್ಯೂಟಿ ಮುಗಿಸಿ ಆಗಷ್ಟೇ ಮಣ್ಣಗುಡ್ಡದ ಮನೆಗೆ ಬಂದಿದ್ದಳು. ಹೆಲ್ಮೆಟ್ ಇನ್ನೂ ತಲೆಯ ಮೇಲೇ ಇತ್ತು.

ಮಧ್ಯಾಹ್ನದಿಂದ ಡಿಯೋನ್ ಎಂಬ ಹೆಸರಿನಿಂದ ಅವಳ ಮೊಬೈಲಿಗೆ ಮೆಸೇಜುಗಳು ಬರುತ್ತಿದ್ದವು. ಮಿಕ್ಸರ್ ಸುಟ್ಟುಹೋಗಿದೆ, ಹಣ ಹಿಂದಿರುಗಿಸಿ ಎಂದು. ಕೆಲಸದ ಗಡಿಬಿಡಿಯಲ್ಲಿ ಅವಳು ಒಂದಕ್ಕೂ ಉತ್ತರಿಸಿರಲಿಲ್ಲ. ಹಾಗಾಗಿ ಅವನೇ ಬಂದಿದ್ದ.

ಹಳೆಯ ಸಾಮಾನು ಮಾರುವ ಆ್ಯಪಿನಲ್ಲಿ ಜಾಹೀರಾತು ಹಾಕಿದವಳು ಕ್ಯಾರಲ್. ಅವಳ ಡ್ಯಾಡಿ ಲಯನೆಲ್ ಸೌದಿಯ ದಮ್ಮಾಮಿನಲ್ಲಿ ಕೆಲಸಕ್ಕಿದ್ದಾಗ ಹೆಂಡತಿ ಬರ್ನಡೆಟ್ ಅವರಿಗೆಂದು ತಂದ ಮಿಕ್ಸರ್ ಅದು. ಭುಜದ ನೋವು ಶುರುವಾದ ಮೇಲೆ ಬರ್ನಡೆಟ್ ಕೇಕ್ ಮಾಡುವುದನ್ನೇ ಬಿಟ್ಟಿದ್ದರು. ಸುಮ್ಮನೆ ಇಟ್ಟು ಹಾಳುಮಾಡುವುದಕ್ಕಿಂತ ಬೇಕಾದವರ ಮನೆಗೆ ಹೋಗಲಿ ಎಂದು ಮಾರಿದ್ದರು. ಡಿಯೋನ್ ಕೊಳ್ಳಲು ಬಂದ ದಿನ ಕ್ಯಾರಲ್ ಮನೆಯಲ್ಲಿರಲಿಲ್ಲ. ಬರ್ನಡೆಟ್ ಅವರೇ ಅಡುಗೆಮನೆಯಲ್ಲಿ ಮಿಕ್ಸರ್ ತಿರುಗಿಸಿ ತೋರಿಸಿದ್ದರು. ಹುಡುಗ ಭಾರಿ ಮರ್ಯಾದಸ್ಥ ಎಂದು ಆಮೇಲೆ ಮಗಳ ಮುಂದೆ ಹೊಗಳಿದ್ದೂ ಆಗಿತ್ತು.

ಆ ಮರ್ಯಾದಸ್ಥ ಈಗ ಬೀದಿಯಲ್ಲಿ ನಿಂತು ಹಣ ಕೇಳುತ್ತಿದ್ದ. ಎದುರು ಮನೆಯ ವಾರಿಜಾಕ್ಷಿಯಕ್ಕ ಒಣಗಿದ ಬಟ್ಟೆ ತೆಗೆಯಲು ಟೆರೇಸಿಗೆ ಬಂದವರು ಕೆಳಗಿಳಿಯುವ ಲಕ್ಷಣವೇ ಕಾಣಲಿಲ್ಲ.

ಡಿಯೋನ್ ನಡೆದದ್ದನ್ನು ಹೇಳಿದ. ಅವನು ದೊಡ್ಡ ಬೇಕರಿಯೊಂದರ ಕೆಲಸ ಬಿಟ್ಟು ಸ್ವಂತವಾಗಿ ಕೇಕ್ ಮಾಡಲು ಹೊರಟವನು. ನಾಡಿದ್ದು ಒಂದು ಮದುವೆಗೆ ಕೇಕ್ ಕೊಡಬೇಕು. ಅವನ ಮೊದಲ ದೊಡ್ಡ ಆರ್ಡರ್. ಮಿಕ್ಸರಿನ ಚಪ್ಪಟೆ ಪಿನ್ನಿಗೆ ಹೊಂದುವ ಅಡಾಪ್ಟರ್ ತಂದು ಸ್ವಿಚ್ ಹಾಕಿದರೆ, ಮಿಕ್ಸರ್ ಹುಚ್ಚು ಹಿಡಿದ ಹಾಗೆ ತಿರುಗಿ ಹೊಗೆ ಬಿಟ್ಟು ನಿಂತೇಹೋಯಿತಂತೆ.

ಮಮ್ಮಿ ತಿರುಗಿಸಿ ತೋರಿಸಿದಾಗ ಸರಿಯಾಗಿಯೇ ಇತ್ತಲ್ಲ ಎಂದು ಕ್ಯಾರಲ್ ಕೇಳಿದಳು.

"ಸರಿ ಇತ್ತು. ನೋಡಿಯೇ ತಗೊಂಡದ್ದು."

ಅವನು ಅಷ್ಟು ನೇರವಾಗಿ ಒಪ್ಪಿಕೊಂಡದ್ದೇ ಅವಳಿಗೆ ಸಂಶಯ ತಂದಿತು. ಲ್ಯಾಬಿನಲ್ಲಿ ಜೊತೆಗಿದ್ದವರು ಹೇಳಿದ ಆನ್‌ಲೈನ್ ಮೋಸದ ಕಥೆಗಳೆಲ್ಲ ಒಟ್ಟಿಗೆ ನೆನಪಾದವು. ತೂಗಿ ನೋಡುವ ಮೊದಲೇ ಮಾತು ಬಾಯಿಂದ ಹೊರಬಿತ್ತು.

"ಒಳ್ಳೆ ಮೋಟರ್ ತೆಗೆದು, ಸುಟ್ಟದ್ದು ಹಾಕಿ ತರುವವರೂ ಇರ್ತಾರೆ. ನಾನು ಹೇಗೆ ನಂಬುದು?"

ಡಿಯೋನನ ಮುಖದಲ್ಲಿದ್ದ ಸಿಟ್ಟು ಇಳಿದುಹೋಯಿತು. ಅದರ ಜಾಗಕ್ಕೆ ಬಂದದ್ದನ್ನು ನೋಡಲಾರದೆ ಕ್ಯಾರಲ್ ಹೆಲ್ಮೆಟ್ಟಿನ ಪಟ್ಟಿ ಬಿಚ್ಚತೊಡಗಿದಳು.

"ಹಣ ಬೇಡ ನನಗೆ," ಅಂದ ಅವನು ನಿಧಾನವಾಗಿ. "ಆದ್ರೆ ಕಳ್ಳ ಅಂತ ಹೇಳ್ಬೇಡಿ."

ಗೇಟಿನ ಒಳಗೆ ಬಗ್ಗಿ, ಸದ್ದಾಗದ ಹಾಗೆ ಮಿಕ್ಸರನ್ನು ನೆಲಕ್ಕಿಟ್ಟು ಹೊರಟುಹೋದ.

ಹಾಳಾದ ವಸ್ತುವನ್ನು ಇಷ್ಟು ಜೋಪಾನವಾಗಿ ಯಾರು ಇಡುತ್ತಾರೆ...

ಆ ಪ್ರಶ್ನೆ ಅವಳ ಮನಸ್ಸಿನಲ್ಲಿ ಚುಚ್ಚುತ್ತಿರುವಾಗಲೇ ಲಯನೆಲ್ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದರು. ಅಂಗಳದಲ್ಲಿದ್ದ ಮಿಕ್ಸರ್ ನೋಡಿದರು. ಬಗ್ಗಿ ಮೂಸಿದರು.

"ಬಾಕ್ಸ್ ಕೊಟ್ಟಿದ್ದೀರಲ್ಲ ಇದರೊಟ್ಟಿಗೆ?"

"ಎಂತ ಬಾಕ್ಸ್?" ಬಾಗಿಲಿಗೆ ಬಂದ ಬರ್ನಡೆಟ್ ಕೇಳಿದರು. ಕೇಳಿದವರೇ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಸೌದಿಯಿಂದ ಬಂದ ಆ ಮಿಕ್ಸರಿಗೆ ಬೇಕಾದದ್ದು ನೂರಹತ್ತು ವೋಲ್ಟ್. ನಮ್ಮ ಗೋಡೆಯಲ್ಲಿ ಬರುವುದು ಅದರ ಎರಡರಷ್ಟು. ಅದಕ್ಕೆಂದೇ ಲಯನೆಲ್ ಕರೆಂಟನ್ನು ಇಳಿಸಿ ಕೊಡುವ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಬಾಕ್ಸ್ ಒಂದನ್ನೂ ತಂದಿದ್ದರು. ಅದು ಅಡುಗೆಮನೆಯ ಮೂಲೆಯಲ್ಲಿ, ನೀರುಳ್ಳಿ ಬುಟ್ಟಿಯ ಅಡಿಯಲ್ಲಿ ಎಷ್ಟು ಕಾಲದಿಂದ ಇತ್ತೆಂದರೆ, ಮನೆಯವರ ಕಣ್ಣಿಗೆ ಅದು ಗೋಡೆಯ ಭಾಗವೇ ಆಗಿತ್ತು. ಮಿಕ್ಸರ್ ತೋರಿಸುವಾಗಲೂ ಬರ್ನಡೆಟ್ ಅವರ ಕೈ ತಾನಾಗಿ ಅಲ್ಲಿಗೇ ಹೋಗಿ ಪ್ಲಗ್ ಸಿಕ್ಕಿಸಿತ್ತು. ಗಲ್ಫ್ ಸಾಮಾನಿನ ನಡುವೆ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಡಿಯೋನನ ಮನೆಯಿಂದ ಗಲ್ಫಿಗೆ ಹೋದವರು ಯಾರೂ ಇರಲಿಲ್ಲ.

"ಡಬಲ್ ಕರೆಂಟ್ ಕೊಟ್ರೆ ಸುಡದೆ ಎಂತ ಮಾಡ್ತದೆ ಮಾರಾಯ್ತಿ?" ಅಂದರು ಲಯನೆಲ್ ಹೆಂಡತಿಗೆ.

ಬರ್ನಡೆಟ್ ಅವರಿಗೆ ನಗು ಬಂತು. ಮಗಳ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಕ್ಯಾರಲ್ ಆ ಕ್ಷಣವೇ ಮೊಬೈಲಿನಲ್ಲಿ ಪೂರ್ತಿ ಹಣ ಕಳಿಸಿ, ಕಳಿಸಿದ್ದೇನೆಂದು ಮೆಸೇಜ್ ಹಾಕಿದಳು. ಅವನು ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ. ಫೋನ್ ಮಾಡಿದಳು, ಎತ್ತಲಿಲ್ಲ. ಸಾರಿ ಎಂದು ಬರೆದು ಅಳಿಸಿದಳು. ಬೀದಿಯಲ್ಲಿ ನಿಲ್ಲಿಸಿ ಕಳ್ಳ ಎಂದ ಮೇಲೆ ಮೊಬೈಲಿನಲ್ಲಿ ಸಾರಿ ಎಂದರೆ ಅದಕ್ಕೆ ಎಂತ ಬೆಲೆ? ಹಣಕ್ಕೆ ಹಣ ಹೋಯಿತು. ಅವನ ಆರ್ಡರ್? ಮೊದಲ ಮದುವೆ ಕೇಕೇ ಕೈತಪ್ಪಿದರೆ ಎರಡನೆಯದನ್ನು ಯಾರು ಕೊಡುತ್ತಾರೆ?

ಮರುದಿನ ಬೆಳಿಗ್ಗೆ ರಜೆ ಹಾಕಿ ಹೊರಟಳು. ವಿಳಾಸ ಅವನ ಕೇಕಿನ ಪೇಜಿನಲ್ಲಿತ್ತು.

ಮನೆ ನಂತೂರಿನಲ್ಲಿ, ಹೆದ್ದಾರಿಗೆ ತಾಗಿಕೊಂಡಂತೆ. ಲಾರಿಯೊಂದು ಗೇರ್ ಬದಲಿಸಿದರೆ ಕಿಟಕಿಯ ಗಾಜು ಅದುರುತ್ತಿತ್ತು. ತೆರೆದ ಬಾಗಿಲಿನಿಂದ ಕ್ಯಾರಲ್ ನೋಡಿದಳು. ಡಿಯೋನ್ ದೊಡ್ಡ ಪಾತ್ರೆಯನ್ನು ಎದೆಗೆ ಒತ್ತಿ ಹಿಡಿದು ಮರದ ಸೌಟಿನಿಂದ ಬೆಣ್ಣೆ, ಸಕ್ಕರೆ ತಿಕ್ಕುತ್ತಿದ್ದ. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದ.

"ಹಣ ಬಂದಿದೆ," ಅಂದ ಅವನು ತಲೆ ಎತ್ತದೆ. "ಥ್ಯಾಂಕ್ಸ್."

"ತಪ್ಪು ನಮ್ಮದು. ನಾನು ನಿಮಗೆ ಹಾಗೆ ಹೇಳಬಾರದಿತ್ತು."

ಡಿಯೋನನ ಕೈ ನಿಂತಿತು.

ಅವಳು ಬಾಕ್ಸಿನ ಕಥೆ ಹೇಳಿದಳು. ನೀರುಳ್ಳಿ ಬುಟ್ಟಿಯನ್ನೂ ಬಿಡಲಿಲ್ಲ. ಎಲ್ಲ ಕೇಳಿದ ಮೇಲೆ ಅವನು ಪಾತ್ರೆ ಕೆಳಗಿಟ್ಟ.

"ಹಣ ಕಳಿಸಿ ಆಗಿತ್ತಲ್ಲ? ಇಲ್ಲಿಯವರೆಗೆ ಎಂತಕ್ಕೆ ಬಂದದ್ದು?"

"ಎದುರು ನಿಂತು ಹೇಳಿದ ಮಾತಲ್ವಾ? ಎದುರು ನಿಂತೇ ತಪ್ಪಾಯ್ತು ಅನ್ಬೇಕು."

ಅವನು ಮೊದಲ ಬಾರಿ ಅವಳನ್ನು ಸರಿಯಾಗಿ ನೋಡಿದ. ಕ್ಯಾರಲ್ ಕೈ ತೊಳೆಯಲು ನಲ್ಲಿ ಎಲ್ಲುಂಟು ಎಂದು ಕೇಳಿದಳು.

"ಕೇಕ್ ಮಾಡ್ಲಿಕ್ಕೆ ಬರ್ತದಾ ನಿಮಗೆ?"

"ಬರುದಿಲ್ಲ. ಕೈ ಉಂಟು."

ಡಿಯೋನ್ ನಕ್ಕುಬಿಟ್ಟ. ಬಚ್ಚಿಡಲು ನೋಡಿ ಆಗದೆ ನಕ್ಕ ಆ ನಗು ನೋಡಿ ಕ್ಯಾರಲಳ ಎದೆಯ ಮೇಲಿನ ಭಾರ ಅರ್ಧ ಇಳಿಯಿತು.

ಸಂಜೆಯವರೆಗೂ ಇಬ್ಬರೂ ಸರದಿಯ ಮೇಲೆ ತಿಕ್ಕಿದರು. ಬೆಣ್ಣೆ ಬಿಳಿಯಾಗಿ ಹಗುರಾಗುವವರೆಗೆ ನಿಲ್ಲಿಸಬಾರದೆಂದು ಅವನು ಹೇಳಿಕೊಟ್ಟ. ಅವಳು ಸುಸ್ತಾದಾಗಲೆಲ್ಲ ಕೇಳದೆಯೇ ಪಾತ್ರೆ ತೆಗೆದುಕೊಂಡ. ಮದುವೆಯ ದಿನ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹಾಲ್‌ಗೆ ಹೋದವಳೂ ಅವಳೇ. ರಸ್ತೆಯ ಪ್ರತಿ ಉಬ್ಬಿಗೂ ಡ್ರೈವರನಿಗೆ ಬೈದಳು. ಮದುವೆಗೆ ಬಂದವರಿಬ್ಬರು ಅಲ್ಲೇ ಡಿಯೋನನ ನಂಬರ್ ಕೇಳಿ ಪಡೆದರು.

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು.

ಆದರೆ ಮುಂದಿನ ವಾರಕ್ಕೆ ಮತ್ತೊಂದು ಆರ್ಡರ್ ಇತ್ತು, ಮಿಕ್ಸರ್ ಇರಲಿಲ್ಲ. ಶನಿವಾರ ಕ್ಯಾರಲಳಿಗೆ ರಜೆ. ಅವಳು ಹೋದಳು. ಅದರ ಮುಂದಿನ ಶನಿವಾರವೂ ಹೋದಳು. ಬರ್ನಡೆಟ್ ಹೋಗಬೇಡ ಅನ್ನಲಿಲ್ಲ. ಬೆಣ್ಣೆ ತಿಕ್ಕಲು ಹೋಗುವವಳಿಗೆ ಹೊಸ ಚೂಡಿದಾರ್ ಎಂತಕ್ಕೆ ಎಂದು ಮಾತ್ರ ಕೇಳಿದರು.

ಡಿಯೋನ್ ಹೆಚ್ಚು ಮಾತನಾಡುವವನಲ್ಲ. ಆದರೆ ಅವಳು ಬರುವ ಹೊತ್ತಿಗೆ ಚಹಾ ತಯಾರಿರುತ್ತಿತ್ತು. ಅವಳಿಗೆ ಸಕ್ಕರೆ ಕಡಿಮೆ ಸಾಕೆಂದು ಅವಳು ಹೇಳಿರಲಿಲ್ಲ, ಅವನೇ ಗಮನಿಸಿದ್ದ. ವಾರವಿಡೀ ರಕ್ತದ ಸ್ಯಾಂಪಲ್‌ಗಳ ಮುಂದೆ ಕೂರುವ ಕ್ಯಾರಲಳಿಗೆ ಶನಿವಾರ ಯಾವಾಗ ಬರುತ್ತದೋ ಎನಿಸತೊಡಗಿತು.

ಈ ನಡುವೆ ಲಯನೆಲ್ ಸುಮ್ಮನೆ ಕುಳಿತಿರಲಿಲ್ಲ. ತಮ್ಮ ಮನೆಯಿಂದ ಹೋದ ವಸ್ತು ಹೀಗೆ ಮರಳಿ ಬಂತಲ್ಲ ಎಂಬ ಬೇಜಾರು ಅವರಿಗೆ. ಮೋಟರಿಗೆ ಹೊಸ ತಂತಿ ಸುತ್ತಿಸಿ ತಂದರು. ಡಿಯೋನನಿಗೆ ಕೊಟ್ಟುಬಿಡು, ಹಣ ಗಿಣ ಬೇಡ ಎಂದು ಮಗಳಿಗೆ ಹೇಳಿದರು.

ಕ್ಯಾರಲ್ ಮಿಕ್ಸರನ್ನು ತನ್ನ ಕೋಣೆಯ ಕಪಾಟಿನ ಹಿಂದೆ ಇಟ್ಟಳು. ಕೊಟ್ಟೆ ಎಂದು ಡ್ಯಾಡಿಗೆ ಹೇಳಿದಳು. ರಿಪೇರಿಯವನು ಇನ್ನೂ ಕೊಟ್ಟಿಲ್ಲ ಎಂದು ಡಿಯೋನನಿಗೆ ಹೇಳಿದಳು.

ಒಬ್ಬನನ್ನು ಮೋಸಗಾರ ಎಂದು ಬೀದಿಯಲ್ಲಿ ಬೈದವಳು ಈಗ ಎರಡು ಕಡೆಯೂ ಸುಳ್ಳು ಹೇಳುತ್ತಿದ್ದಳು. ನಾಚಿಕೆಯಾಗುತ್ತಿತ್ತು. ಆದರೂ ಮಿಕ್ಸರ್ ಮಾತ್ರ ಕಪಾಟಿನ ಹಿಂದೆಯೇ ಇತ್ತು. ಅದು ಹೋದ ದಿನ ತಾನು ಅಲ್ಲಿಗೆ ಯಾಕೆ ಹೋಗಬೇಕು? ಹೋದರೂ ಎಂತ ಹೇಳಿ ಹೋಗುವುದು? ಅವನಾಗಿ ಒಂದು ಮಾತೂ ಆಡಿಲ್ಲ. ಸಹಾಯ ಮಾಡುವ ಹುಡುಗಿ ಎಂದಷ್ಟೇ ತಿಳಿದಿದ್ದರೆ?

ಎರಡು ವಾರ ಹೀಗೇ ಕಳೆದು, ಒಂದು ಶನಿವಾರ ಕ್ಯಾರಲ್ ಹೊರಟ ಮೇಲೆ ಬರ್ನಡೆಟ್ ಕೋಣೆ ಗುಡಿಸಲು ಹೋದರು. ಪೊರಕೆ ಯಾವುದಕ್ಕೋ ತಾಗಿತು.

ಡಿಯೋನನ ಮನೆಯಲ್ಲಿ ಕ್ಯಾರಲ್ ಮೊಟ್ಟೆಗಳನ್ನು ತೊಳೆದು ಒರೆಸುತ್ತಿದ್ದಾಗ ಹೊರಗೆ ಆಟೋ ನಿಂತಿತು. ಲಯನೆಲ್ ಒಂದು ಕೈಯಲ್ಲಿ ಮಿಕ್ಸರ್, ಇನ್ನೊಂದರಲ್ಲಿ ಕಬ್ಬಿಣದ ಬಾಕ್ಸ್ ಹಿಡಿದು ಏದುಸಿರು ಬಿಡುತ್ತಾ ಒಳಗೆ ಬಂದರು.

"ಇದು ರಿಪೇರಿಯಾಗಿ ಎರಡು ವಾರ ಆಯ್ತು," ಅಂದರು ಮೇಜಿನ ಮೇಲಿಡುತ್ತಾ. "ಕೊಟ್ಟೆ ಅಂದಿದ್ಳು. ನೋಡಿದ್ರೆ ಕಪಾಟಿನ ಹಿಂದೆ ಉಂಟು ಮಾರಾಯ. ಇವಳ ಮಂಡೆಗೆ ಎಂತಾಗಿದೆ ಅಂತ ನೀನೇ ಕೇಳು."

ಆಟೋ ಬಾಡಿಗೆ ಕೊಟ್ಟು ಬರುತ್ತೇನೆ ಎಂದು ಹೊರಗೆ ಹೋದರು. ಹೋಗುವಾಗ ಬಾಗಿಲನ್ನು ಅರ್ಧ ಎಳೆದುಕೊಂಡರು.

ಕ್ಯಾರಲ್ ಮೊಟ್ಟೆ ಒರೆಸುತ್ತಲೇ ಇದ್ದಳು. ಅದೇ ಮೊಟ್ಟೆಯನ್ನು.

"ರಿಪೇರಿಯವ ಕೊಟ್ಟಿಲ್ಲ ಅಂದಿದ್ರಿ," ಅಂದ ಡಿಯೋನ್.

"ಸುಳ್ಳು ಹೇಳಿದೆ."

"ಯಾಕೆ?"

ಈ ಸಲ ಮಾತು ತೂಗಿ ನೋಡಲು ಅವಳಿಗೆ ಬೇಕಾದಷ್ಟು ಹೊತ್ತಿತ್ತು. ತೂಗಿದಳು. ಆದರೂ ಬಂದದ್ದು ಅದೇ ಮಾತು.

"ಇದು ಬಂದ ಮೇಲೆ ನಾನು ಎಂತಕ್ಕೆ ಬರುದು ಇಲ್ಲಿಗೆ?"

ಹೊರಗೆ ಲಾರಿ ಹೋಯಿತು, ಗಾಜು ಅದುರಿತು. ಡಿಯೋನ್ ಅವಳ ಕೈಯಿಂದ ಮೊಟ್ಟೆ ತೆಗೆದು ಮೇಜಿನ ಮೇಲಿಟ್ಟ.

"ಪ್ರತಿ ಸಲ ನೀವು ಹೊರಡುವಾಗ ಒಂದು ಮಾತು ಹೇಳ್ಬೇಕು ಅಂತ ಇರ್ತೇನೆ. ತಪ್ಪು ತೀರಿಸ್ಲಿಕ್ಕೆ ಬರುವವರಿಗೆ ಹಾಗೆ ಹೇಳಿದ್ರೆ ಅನ್ಯಾಯ ಅಂತ ಸುಮ್ಮನಾಗ್ತೇನೆ."

"ತಪ್ಪು ಆ ಮೊದಲ ದಿನಕ್ಕೇ ತೀರಿತ್ತು."

"ಹಾಗಾದ್ರೆ ಉಳಿದ ಶನಿವಾರ?"

"ನನಗೋಸ್ಕರ ಬಂದದ್ದು."

ಡಿಯೋನ್ ಕೈ ಒರೆಸಿಕೊಂಡು ಹೊರಗೆ ಹೋದ. ಕ್ಯಾರಲ್ ಕಿಟಕಿಯಿಂದ ನೋಡಿದಳು. ಅವನು ಲಯನೆಲ್ ಮುಂದೆ ಶಾಲೆಯ ಹುಡುಗನಂತೆ ನಿಂತು ಏನೋ ಹೇಳುತ್ತಿದ್ದ. ಬಸ್ಸಿನ ಹಾರ್ನಿಗೆ ಒಂದು ಶಬ್ದವೂ ಕೇಳಲಿಲ್ಲ. ಲಯನೆಲ್ ಅವನ ಹೆಗಲ ಮೇಲೆ ಕೈಯಿಟ್ಟು ಒಳಗೆ ನೂಕಿದರು.

ಅವನು ಬಂದು ಬಾಗಿಲಲ್ಲೇ ನಿಂತ.

"ಡ್ಯಾಡಿ ಎಂತ ಹೇಳಿದ್ರು?"

"ಮೊದಲು ಅವಳ ಹತ್ತಿರ ಕೇಳು, ನನ್ನ ಹತ್ತಿರ ಅಲ್ಲ ಅಂದ್ರು." ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಕ್ಯಾರಲ್... ನನ್ನನ್ನು ಮದುವೆ ಆಗ್ತೀಯಾ?"

ಇಷ್ಟು ದಿನ ನೀವು ಎನ್ನುತ್ತಿದ್ದವನು. ಕ್ಯಾರಲಳ ಕಣ್ಣು ತುಂಬಿ ಬಂತು.

"ಆಗ್ತೇನೆ," ಅಂದಳು. "ಒಳಗೆ ಬಾ. ಬಾಗಿಲಲ್ಲಿ ಎಂತಕ್ಕೆ ನಿಂತಿದ್ದೀಯ?"