ಬೂಚು ಬಡಿದು ಹೋದ ಕಳ್ಳ

ಮುರ್ತುಜಾ ನಸುಕಿನಲ್ಲಿ ಎದ್ದು, ನಿದ್ದೆಗಣ್ಣಲ್ಲೇ ಮಗ್ಗಕ್ಕೆ ಕೂತು ಕಾಲು ಇಳಿಬಿಟ್ಟ. ಮೊಣಕಾಲಿನ ತನಕ ನೀರು. ಕನಸಿರಬೇಕೆಂದು ಸ್ವಲ್ಪ ಹೊತ್ತು ಹಾಗೇ ಕೂತಿದ್ದ. ಎಪ್ಪತ್ತೆಂಟರ ಬೇಸಿಗೆಯ ಬೆಟಗೇರಿಯಲ್ಲಿ ಅಷ್ಟು ನೀರು ಕನಸಿನಲ್ಲಷ್ಟೇ ಸಿಗುತ್ತಿತ್ತು.

ಅವನದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲಿಟ್ಟು ನೇಯುವಂಥದ್ದು. ಈಗ ಕುಣಿ ಬಾವಿಯಾಗಿತ್ತು. ಅದರ ಮಣ್ಣಿನ ಗೋಡೆ ಒಂದು ಕಡೆ ಕುಸಿದಿತ್ತು. ನೆಲದ ಮೇಲೆ ಸುತ್ತಿಟ್ಟಿದ್ದ ಸೀರೆಯ ಹಾಸುನೂಲು ನೆಂದು, ಗಂಜಿ ಬಿಟ್ಟು, ಮುದ್ದೆಯಾಗಿತ್ತು. ಹೊರಗೆ ಅಂಗಳದಲ್ಲಿ ಗೋಡೆಯ ಪೈಪು ಬಾಯಿ ತೆರೆದು ನೀರು ಕಾರುತ್ತಿತ್ತು. ಅದರ ತುದಿಗಿದ್ದ ಹಿತ್ತಾಳೆಯ ಹೊಸ ನಳ ಮಾಯವಾಗಿತ್ತು.

ಹೆಂಡತಿ ಅಲ್ಮಾಸಬಿ ಕೂಗಿದಳು. ಹಿತ್ತಲ ಭಾಗವನ್ನು ಅವರಿಗೆ ಬಾಡಿಗೆಗೆ ಕೊಟ್ಟು ಮುಂದಿನ ಭಾಗದಲ್ಲಿದ್ದ ಮನೆಯ ಮಾಲೀಕ ಪುಂಡಲೀಕಪ್ಪ ಓಡಿ ಬಂದ. ಪೈಪಿನ ಬಾಯಿಗೆ ಅಂಗೈ ಒತ್ತಿದ. ಅರಿವೆ ತುರುಕಿದ. ಆಮೇಲೆ ಬಕೆಟ್ಟು ಹಿಡಿದು ಮುರ್ತುಜಾನ ಜೊತೆ ಕುಣಿಯ ನೀರು ಎತ್ತತೊಡಗಿದ. ಒಂದು ಮಾತೂ ಆಡಲಿಲ್ಲ.

*

ಬೆಟಗೇರಿ ಚೌಕಿಗೆ ನೀರು ಕಳುವಾದ ದೂರುಗಳು ಬೇಕಾದಷ್ಟು ಬರುತ್ತಿದ್ದವು. ಹಿಂದಿನ ವರ್ಷ ಒಬ್ಬ ಕಳ್ಳ ಬಂಗಾರದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಅದರ ಹಿಂದಿದ್ದ ತುಂಬಿದ ಹಂಡೆ ಹೊತ್ತೊಯ್ದಿದ್ದ. ಮನೆಯವರೂ ಹಂಡೆಗಾಗಿಯೇ ಅತ್ತರು. ಆದರೆ ನೀರು ಹೆಚ್ಚಾಯಿತೆಂಬ ದೂರು ಅದೇ ಮೊದಲು.

ಹವಾಲ್ದಾರ ಸಕ್ರಪ್ಪ ಖುಷಿಯಿಂದಲೇ ಎದ್ದ. ಹೆಂಡತಿ ತೀರಿಕೊಂಡ ಮೇಲೆ ಅವನು ಮನೆಗಿಂತ ಚೌಕಿಯಲ್ಲೇ ಹೆಚ್ಚು ಹೊತ್ತು ಇರುತ್ತಿದ್ದ. ಅಲ್ಲಿ ಕಳ್ಳರಾದರೂ ಮಾತಿಗೆ ಸಿಗುತ್ತಿದ್ದರು.

ದೂರು ತಂದವನು ಪುಂಡಲೀಕಪ್ಪ. ಹತ್ತಿ ಗಿರಣಿಯಲ್ಲಿ ಫಿಟರ್ ಆಗಿದ್ದು ನಿವೃತ್ತನಾದವನು. ಹೆಂಡತಿ ಮಕ್ಕಳಿಲ್ಲ. ಅವನ ಧೋತರ ಬಿಳಿಯದಲ್ಲ, ಆಕಾಶದ ಬಣ್ಣದ್ದು. ಒಗೆಯುವಾಗ ನೀಲಿ ಎಷ್ಟು ಹಾಕಬೇಕೆಂದು ಹೇಳುವವರು ಆ ಮನೆಯಲ್ಲಿರಲಿಲ್ಲ.

"ಹೆಂಗರ ಮಾಡಿ ಕಳ್ಳನ್ನ ಹಿಡೀರಿ, ಹವಾಲ್ದಾರ್ರ. ಇಲ್ಲಂದ್ರ ಮುರ್ತುಜಾ ಮನಿ ಬಿಡತಾನ."

"ಯಾರ ಮ್ಯಾಲ ಸಂಶೆ ಐತ್ರಿ?"

"ಯಾರ ಮ್ಯಾಲೂ ಇಲ್ರಿ."

ಸಕ್ರಪ್ಪ ಅವನ ಮುಖ ನೋಡಿದ. ಇಷ್ಟು ವರ್ಷದ ನೌಕರಿಯಲ್ಲಿ ಯಾರ ಮೇಲೂ ಸಂಶಯವಿಲ್ಲದ ಫಿರ್ಯಾದಿಯನ್ನು ಅವನು ಕಂಡಿರಲಿಲ್ಲ. ಕೋಳಿ ಕಳೆದವರೂ ಅರ್ಧ ಊರಿನ ಹೆಸರು ಹೇಳುತ್ತಿದ್ದರು.

*

ಮುರ್ತುಜಾ ಹಾಸು ಬಿಡಿಸುತ್ತ ಕೂತಿದ್ದ. ಎಳೆಗಳು ಒಂದಕ್ಕೊಂದು ಅಂಟಿದ್ದವು. ಅವನ ಮಾತು ಖಡಕ್ಕಾಗಿತ್ತು. ಸಂಜೆಯೊಳಗೆ ಕಳ್ಳ ಯಾರೆಂದು ತಿಳಿಯದಿದ್ದರೆ ಬಂಡಿ ಹೇಳುತ್ತೇನೆ, ಲಕ್ಷ್ಮೇಶ್ವರಕ್ಕೆ ಅಣ್ಣನ ಮನೆಗೆ ಹೋಗುತ್ತೇನೆ ಎಂದ.

"ಯಾರನ್ನ ನಂಬೂದು ಅಂತ ಗೊತ್ತಿಲ್ಲದ ಓಣ್ಯಾಗ ಮಗ್ಗಾ ಹೂಡಾಕ ಬರಂಗಿಲ್ರಿ."

ಬಾಗಿಲಲ್ಲಿ ನಿಂತಿದ್ದ ಪುಂಡಲೀಕಪ್ಪ ಅದನ್ನು ಕೇಳಿ ಒಳಗೆ ಹೋದ.

ಓಣಿಯವರು ಎರಡು ಹೆಸರು ಕೊಟ್ಟರು. ಮೊದಲನೆಯದು ಗುಜರಿಯ ಯಮನೂರಸಾಬ. ಹಿಂದಿನ ದಿನ ತಾಮ್ರ, ಹಿತ್ತಾಳೆ ಎಂದು ಕೂಗುತ್ತ ಇದೇ ಓಣಿಯಲ್ಲಿ ತಿರುಗಿದ್ದ. ಸಕ್ರಪ್ಪ ಅವನ ಅಂಗಡಿಗೆ ಹೋದ. ರಾತ್ರಿಯೆಲ್ಲ ಹೊಂಬಳದಲ್ಲಿ ಮಾವನ ಮನೆಯಲ್ಲಿದ್ದೆ, ಈಗಷ್ಟೇ ಬಸ್ಸಿಳಿದೆ ಎಂದ ಯಮನೂರಸಾಬ. ಅವನ ಜೊತೆ ಇಳಿದ ಕಂಡಕ್ಟರೂ ಹೌದೆಂದ.

"ಕದ್ದ ನಳಾ ನಾ ತೊಗೊಳ್ಳಂಗಿಲ್ರಿ ಸಾಹೇಬ್ರ. ತೊಗೊಂಡ್ರೂ ಅದನ್ನಲ್ಲ."

ಸಕ್ರಪ್ಪ ಗುಜರಿಯ ರಾಶಿ ನೋಡುತ್ತ ನಿಂತ. ಅಲ್ಲಿದ್ದ ನಳಗಳಿಗೆಲ್ಲ ಒಂದೊಂದು ಮುರುಕು ಪೈಪು ಅಂಟಿಕೊಂಡಿತ್ತು. ಕಳ್ಳನಿಗೆ ತಿರುವಿ ಬಿಚ್ಚುವಷ್ಟು ಪುರಸೊತ್ತು ಎಲ್ಲಿಂದ ಬರಬೇಕು? ಸುತ್ತಿಗೆಯಿಂದ ಬಡಿದು ಮುರಿದುಕೊಂಡು ಓಡುತ್ತಾನೆ. ಪುಂಡಲೀಕಪ್ಪನ ಅಂಗಳದ ಪೈಪಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ.

ಎರಡನೆಯ ಹೆಸರು ಪಕ್ಕದ ಮನೆಯ ಫಕ್ಕೀರವ್ವ. ಕೋಳಿಯೂ ದಾಟುವಂಥ ಗೋಡೆ ನಡುವೆ. ನೀರಿನ ಸಲುವಾಗಿ ಅಲ್ಮಾಸಬಿಯ ಜೊತೆ ಜಗಳವಾಡಿ ಮಾತು ಬಿಟ್ಟಿದ್ದಳು. ಸಕ್ರಪ್ಪ ಹೋದಾಗ ಒಣಗಿದ ಕೊಡಗಳ ನಡುವೆ ಕೂತು ಆಕೆ ಜಗತ್ತನ್ನೇ ಬೈಯುತ್ತಿದ್ದಳು.

"ಪೈಪ ಒಂದ ಐತಿ, ಯಪ್ಪಾ. ಅವರ ಕಡೆ ಬಾಯಿ ತೆರದ್ರ ನನ್ನ ನಳದಾಗ ಹನಿ ಬೀಳಂಗಿಲ್ಲ. ಅವರ ಮಗ್ಗಾ ತೊಯ್ಸಾಕ ನನ್ನ ಕೊಡಾ ಒಣಗಸ್ಕೊಳ್ಳಾಕ ನನಗೇನ ಹುಚ್ಚ ಹಿಡದೈತೇನು?"

ಬೆಟಗೇರಿಯಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ಕೋರ್ಟಿಗೂ ಬೇಕಾಗಿರಲಿಲ್ಲ.

ಸಕ್ರಪ್ಪ ಹೊರಡುವಾಗ ಆಕೆ ಇನ್ನೊಂದು ಮಾತು ಹೇಳಿದಳು. ನೀರು ಬರಬೇಕಾದದ್ದು ಇವತ್ತಲ್ಲ, ನಾಳೆ. ನೀರು ಬಿಡುವ ಅಂದಾನಪ್ಪನ ಮಗಳನ್ನು ನೋಡಲು ಶಿಗ್ಲಿಯಿಂದ ಗಂಡಿನವರು ನಾಳೆ ಬರುವವರಿದ್ದರು. ಅದಕ್ಕೆ ಅವನು ಒಂದು ದಿನ ಮೊದಲೇ ವಾಲ್ವು ತಿರುವಿ ಹೋಗಿದ್ದ. ಓಣಿಯಲ್ಲಿ ಯಾರಿಗೂ ಖಬರಿರಲಿಲ್ಲ.

*

ಸಕ್ರಪ್ಪ ತಿರುಗಿ ಬಂದಾಗ ಕುಣಿಯ ನೀರು ತಳ ಕಂಡಿತ್ತು. ಕೆಸರಿನಲ್ಲಿ ಏನೋ ಬಿದ್ದಿತ್ತು. ಎತ್ತಿ ಒರೆಸಿದ. ಕಟ್ಟಿಗೆಯ ಬೂಚು. ನೀಟಾಗಿ ಕೆತ್ತಿದ್ದು. ಸುತ್ತಲೂ ಅರಿವೆ ಸುತ್ತಿ ದಾರ ಕಟ್ಟಿತ್ತು. ಪೈಪಿನ ಬಾಯಿಗೆ ಹಿಡಿದು ನೋಡಿದ. ಹೇಳಿ ಮಾಡಿಸಿದ ಹಾಗಿತ್ತು.

ಅರಿವೆಯನ್ನು ಹಿಂಡಿ ಬೆಳಕಿಗೆ ಹಿಡಿದ. ಆಕಾಶದ ಬಣ್ಣ.

ಅವನಿಗೆ ಖುಷಿಯಾಗಲಿಲ್ಲ. ಖಾಕಿಯೊಳಗಿಂದ ಇಣುಕುತ್ತಿದ್ದ ತನ್ನ ಬನಿಯನ್ನಿನ ತೋಳು ನೋಡಿಕೊಂಡ. ಅದೂ ಸ್ವಲ್ಪ ನೀಲಿಯೇ.

*

ಸಂಜೆ ಬಂಡಿ ಬಂತು. ಅರ್ಧ ಸಾಮಾನು ಏರಿತ್ತು. ಸಕ್ರಪ್ಪ ಗಂಡ, ಹೆಂಡತಿ, ಮಾಲೀಕ ಮೂವರನ್ನೂ ಅಂಗಳದಲ್ಲಿ ನಿಲ್ಲಿಸಿಕೊಂಡ.

"ಕಳ್ಳ ಆಗಿದ್ರ ಬೂಚ ಬಡೀತಿರಲಿಲ್ಲ," ಎಂದ. "ಹಿತ್ತಾಳಿ ಕೈಗೆ ಸಿಕ್ಕಮ್ಯಾಲ ನಿಮ್ಮ ಮನಿ ತೊಯ್ದರೇನು, ತೇಲಿದರೇನು. ವೈರಿ ಆಗಿದ್ರ ನಳಾ ಬಿಚ್ಚತಿರಲಿಲ್ಲ. ಬರೇ ತಿರುವಿಟ್ಟು ಹೋಗತಿದ್ದ."

ಅದು ಎಲ್ಲರಿಗೂ ತಿಳಿಯಿತು. ನೀರು ಬರುವ ದಿನದ ಹಿಂದಿನ ರಾತ್ರಿ ನಳ ತೆರೆದಿಟ್ಟು, ಕೆಳಗೆ ತಾಟು ಬೋರಲು ಹಾಕಿ ಮಲಗುವುದು ಓಣಿಯ ರೂಢಿ. ತಾಟು ಸದ್ದು ಮಾಡಿದರೆ ಎಲ್ಲರೂ ಏಳುತ್ತಿದ್ದರು. ವೈರಿ ನಳ ತಿರುವಿಟ್ಟಿದ್ದರೆ ಮರೆವು ಮುರ್ತುಜಾನದೇ ಎಂದು ಓಣಿ ಅವನನ್ನೇ ಬೈಯುತ್ತಿತ್ತು.

ಉಳಿದವನು ಒಬ್ಬನೇ, ಎಂದ ಸಕ್ರಪ್ಪ. ಅವನಿಗೆ ನಳ ಹೋಗಬೇಕಿತ್ತು, ಮನೆ ನೆನೆಯಬಾರದಿತ್ತು. ನಟ್ಟು ಬಿಚ್ಚುವ ಪಾನಾ ಹಿಡಿದು ಪಳಗಿದ ಕೈ. ನೀರು ನಾಳೆ ಎಂದು ನಂಬಿದ್ದ. ಆದರೂ ಜೀವ ತಡೆಯದೆ ಬೂಚು ಬಡಿದ. ನೀರಿಗಿಂತ ಮುಂಚೆ ಪೈಪಿನಲ್ಲಿ ಗಾಳಿ ಬುಸುಗುಟ್ಟಿಕೊಂಡು ಬಂತು. ಬೂಚು ಹಾರಿತು.

ಅರಿವೆಯ ಬಣ್ಣ ತೋರಿಸುವ ಕೆಲಸ ಬೀಳಲಿಲ್ಲ. ಪುಂಡಲೀಕಪ್ಪ ಒಳಗೆ ಹೋಗಿ ದೀಪದ ಮಾಡದಲ್ಲಿದ್ದದ್ದನ್ನು ತಂದು ಕಟ್ಟೆಯ ಮೇಲಿಟ್ಟ. ಎರಡು ನಳ. ಒಂದು ಕಳುವಾದ ಹೊಸದು. ಇನ್ನೊಂದು ಮೊದಲಿದ್ದ ಹಳೆಯದು, ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳಪು ಕೊಟ್ಟದ್ದು.

"ಹಳೇದು ಸೋರತಿತ್ತು," ಎಂದ. "ನೀರ ಬಂದ ದಿನಾ ಅಲ್ಮಾಸವ್ವ ಕರೀತಿದ್ಲು. ವಾಯ್ಸರ್ ಹಾಕತಿದ್ದೆ. ಚಾ ಕೊಡತಿದ್ಲು. ಹೊಸಾದು ಸೋರಂಗಿಲ್ಲ."

ಅಷ್ಟೇ ಅವನ ತಪ್ಪೊಪ್ಪಿಗೆ.

ಮುದುಕನಿಗೆ ಪದೇ ಪದೇ ತ್ರಾಸಾಗುತ್ತದೆಂದು ಮುರ್ತುಜಾ ಹುಬ್ಬಳ್ಳಿಯಿಂದ ಆರಿಸಿ ತಂದ ನಳ ಅದು. ಅಂದಿನಿಂದ ಹಿತ್ತಲ ಕಡೆಯಿಂದ ಯಾರೂ ಕರೆದಿರಲಿಲ್ಲ. ಹೊಸದನ್ನು ಕಳ್ಳರು ಒಯ್ದರೆಂದು ಹೇಳಿ ಹಳೆಯದನ್ನು ಕೂಡಿಸುವುದು ಪುಂಡಲೀಕಪ್ಪನ ಯೋಚನೆಯಾಗಿತ್ತು. ಹಳೆಯದು ಸುಮ್ಮನೆ ಸೋರುತ್ತಿರಲಿಲ್ಲ ಎಂಬುದೂ ಆಗ ಹೊರಬಿತ್ತು. ಸೋರದಂತೆ ನಳದೊಳಗೆ ಕೂರಿಸುವ ವಾಯ್ಸರನ್ನು ಅವನು ಸವೆದ ಚಪ್ಪಲಿಯ ತೊಗಲಿನಿಂದ ಕತ್ತರಿಸುತ್ತಿದ್ದ. ಅದು ಮುಂದಿನ ನೀರಿನ ತನಕ ಬಾಳುತ್ತಿತ್ತು. ಅದರಾಚೆ ಬಾಳದಂತೆ ನೋಡಿಕೊಂಡಿದ್ದ.

ಅಲ್ಮಾಸಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಗಂಡನ ಕಡೆ ನೋಡಿದಳು.

ಮುರ್ತುಜಾ ಹೊಸ ನಳವನ್ನು ಎತ್ತಿ ನೋಡಿ, ತಿರುಗಿ ಕಟ್ಟೆಯ ಮೇಲೇ ಇಟ್ಟ.

"ನಳಾ ಬಿಚ್ಚಿದ್ದಕ್ಕ ನನಗ ಸಿಟ್ಟಿಲ್ಲ ಕಾಕಾ. ಹಾಸು ಒಣಗತೈತಿ. ಆದ್ರ ಮುಂಜಾನಿ ನನ್ನ ಮಗ್ಗಲದಾಗ ನಿಂತು ನೀರ ಎತ್ತಿದ್ರೆಲ್ಲ. ಆವಾಗ ಒಂದ ಮಾತ ಹೇಳಿದ್ರ ಈ ಬಂಡಿ ಬರತಿರಲಿಲ್ಲ."

"ಹೇಳಿದ್ರ ಹೋಗತೀರಿ ಅಂತ ಅಂಜಿದ್ನೋ, ತಮ್ಮಾ."

ಬಂಡಿಯವನು ಎತ್ತು ಹೂಡಿದ. ಉಳಿದ ಸಾಮಾನು ಏರಿತು. ಅಲ್ಮಾಸಬಿ ಹೋಗುವ ಮುಂಚೆ ಒಲೆ ಆರಿಸಲಿಲ್ಲ. ಚಾ ಕಾಸಿ, ಕಟ್ಟೆಯ ಮೇಲೆ ಮುಚ್ಚಿಟ್ಟು ಹೋದಳು. ಪುಂಡಲೀಕಪ್ಪ ಅದನ್ನು ಕುಡಿದದ್ದನ್ನು ಸಕ್ರಪ್ಪ ನೋಡಲಿಲ್ಲ. ಹಳೆಯ ನಳವನ್ನು ಮುದ್ದೇಮಾಲೆಂದು ಜೇಬಿಗೆ ಹಾಕಿಕೊಂಡು ಹೊರಟುಬಿಟ್ಟಿದ್ದ. ಹೊಸದನ್ನು ಬಿಟ್ಟು ಹಳೆಯದನ್ನು ಜಪ್ತು ಮಾಡಿದ್ದೇಕೆ ಎಂದು ಯಾರೂ ಕೇಳಲಿಲ್ಲ.

*

ಮುಂದಿನ ನೀರಿನ ದಿನ ಪುಂಡಲೀಕಪ್ಪನಿಗೆ ಹವಾಲ್ದಾರರ ಮನೆಯಿಂದ ಕರೆ ಬಂತು. ಜೈಲಿಗೇ ಇರಬೇಕೆಂದು ಅವನು ಒಗೆದ ಧೋತರ ಉಟ್ಟ. ಬಾಗಿಲಿಗೆ ಕೀಲಿ ಹಾಕಿ, ಕೀಲಿಯನ್ನು ಯಾರ ಕೈಗೆ ಕೊಡುವುದೆಂದು ಹೊಳೆಯದೆ ಜೇಬಿಗಿಟ್ಟುಕೊಂಡ.

ಸಕ್ರಪ್ಪ ಅವನನ್ನು ನೇರ ಬಚ್ಚಲಿಗೆ ಕರೆದೊಯ್ದ. ಗೋಡೆಯಲ್ಲಿ ನಳ ತೊಟ್ಟಿಕ್ಕುತ್ತಿತ್ತು. ಹುಣಸೆಹಣ್ಣಿನ ಹೊಳಪು ಇನ್ನೂ ಹೋಗಿರಲಿಲ್ಲ.

"ಸೋರಾಕತ್ತೈತ್ರಿ," ಎಂದ ಸಕ್ರಪ್ಪ, ಎತ್ತಲೋ ನೋಡುತ್ತ.

ಪುಂಡಲೀಕಪ್ಪ ನಳ ನೋಡಿದ. ಹವಾಲ್ದಾರನನ್ನು ನೋಡಿದ. ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ ಕೂತ. ಜೇಬಿನಲ್ಲಿ ಯಾವಾಗಲೂ ಇರುತ್ತಿದ್ದ ಒಂದು ತುಂಡು ತೊಗಲು ತೆಗೆದ.

"ಮುಂದಿನ ನೀರಿನ ತನಕ ಬಾಳತೈತಿ ನೋಡ್ರಿ. ಆಮ್ಯಾಲಿಂದು ಹೇಳಾಕಾಗಂಗಿಲ್ಲ."

"ಅಷ್ಟ ಬಾಳಿದ್ರ ಸಾಕ್ರಿ," ಎಂದು ಸಕ್ರಪ್ಪ ಚಹಾಕ್ಕಿಡಲು ಸ್ಟೋವಿಗೆ ಪಂಪು ಹೊಡೆದ.