ಬಿಚ್ಚಿಟ್ಟ ಗಾಲಿ

೨೦೦೩ರ ಮಾರ್ಚ್ ಹತ್ತು, ಸೋಮವಾರ. ಬೆಳಿಗ್ಗೆ ಒಂಬತ್ತೂಕಾಲಿಗೆ ಕಟ್ಟಡ ಗುತ್ತಿಗೆದಾರ ಭಾರ್ಗವ್ ಕೆ.ಆರ್. ಪುರದ ಠಾಣೆಗೆ ಬಂದು ದೂರು ಕೊಟ್ಟ. ಹೊರಮಾವಿನ ಶೆಡ್ಡುಗಳಿಂದ ಕೆಲಸಗಾರರನ್ನು ಸೈಟಿಗೆ ಒಯ್ಯುವ ಅವನ ಟ್ರಾಕ್ಟರ್ ಟ್ರೇಲರಿನ ಎಡಗಡೆಯ ಹಿಂದಿನ ಗಾಲಿಯ ನಡುವಿನ ಗುಂಬ, ಅಂದರೆ ಹಬ್, ಒಳಗಿನ ಎರಡೂ ಬೇರಿಂಗ್ ಸಮೇತ, ಭಾನುವಾರದ ರಜೆಯಲ್ಲಿ ಕಳುವಾಗಿತ್ತು. ಇನ್‌ಸ್ಪೆಕ್ಟರ್ ಶ್ರೀಕಂಠಯ್ಯ ಐಪಿಸಿ ೩೭೯ರಡಿ ಎಫ್‌ಐಆರ್ ದಾಖಲಿಸಿ ಹೆಡ್ ಕಾನ್‌ಸ್ಟೇಬಲ್ ರಹೀಮನನ್ನು ಕರೆದರು.

"ಶಿವಾಜಿನಗರದಲ್ಲಿ ನಿಮ್ಮ ತಂದೆಯೋರ ಗ್ಯಾರೇಜ್ ಇತ್ತಲ್ಲ ರಹೀಂ. ಈ ಕೇಸು ನೀವು ನೋಡಿ."

ಸ್ಥಳಕ್ಕೆ ಹೋದ ರಹೀಂ ಟ್ರೇಲರನ್ನು ಒಂದು ಸುತ್ತು ಹಾಕಿದ. ಗಾಲಿ ಕಳಚಿದ ಕಡೆ ಬಂಡಿ ವಾಲದಂತೆ ಯಾರೋ ಸಿಮೆಂಟ್ ಬ್ಲಾಕುಗಳನ್ನು ಜೋಡಿಸಿದ್ದರು. ಟೈರನ್ನು ಗೋಡೆಗೆ ಒರಗಿಸಿದ್ದರು. ಟ್ರಾಕ್ಟರಿನ ಜಾಕಿ, ಸ್ಪ್ಯಾನರು ಪೆಟ್ಟಿಗೆಯಲ್ಲಿ ತಮ್ಮ ಜಾಗದಲ್ಲೇ ಇದ್ದವು. ಬೇರಿಂಗ್ ಕೂರುವ ಉಕ್ಕಿನ ತುದಿ, ಅಂದರೆ ಸ್ಪಿಂಡಲ್, ಎಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿಕೊಂಡು ಬೆಚ್ಚಗೆ ಕೂತಿತ್ತು. ಅಪ್ಪನೂ ಹೀಗೇ ಮಾಡುತ್ತಿದ್ದ. ಊಟಕ್ಕೆ ಎದ್ದುಹೋಗುವ ಅರ್ಧ ಗಂಟೆಗೂ ಸ್ಪಿಂಡಲ್ಲನ್ನು ಧೂಳಿಗೆ ಬಿಡುತ್ತಿರಲಿಲ್ಲ. ಕದಿಯಲು ಬಂದವನಿಗೆ ಯಾಕಿಷ್ಟು ಅಕ್ಕರೆ?

ಬಟ್ಟೆ ಬಿಚ್ಚಿದ. ಸ್ಪಿಂಡಲ್ಲಿನ ಬುಡ ಕಾದು ಕಾದು ಪಾರಿವಾಳದ ಕೊರಳಿನಂತೆ ನೀಲಿಗಟ್ಟಿತ್ತು.

"ಈ ಗಾಲಿ ಕೊನೇ ಸಲ ಯಾವಾಗ ಬಿಚ್ಚಿ ನೋಡ್ಸಿದ್ರಿ?"

"ಗ್ರೀಸ್ ಹೊಡೆಸ್ತಾನೇ ಇರ್ತೀವಿ ಸಾರ್," ಎಂದ ಜೊತೆಗೆ ಬಂದಿದ್ದ ಭಾರ್ಗವ್.

"ಬಿಚ್ಚಿ ನೋಡಿದ್ದು ಕೇಳಿದೆ."

"ತಗೊಂಡಾಗಿಂದ ಇಲ್ಲ."

"ಎಷ್ಟು ಜನ ಕೂರ್ತಾರೆ?"

"ಇಪ್ಪತ್ತೆರಡು. ಹೆಂಗಸರೇ ಜಾಸ್ತಿ."

ಹನ್ನೊಂದೂ ಇಪ್ಪತ್ತಕ್ಕೆ ಪಂಚನಾಮೆ ಮುಗಿಯಿತು. ಬಟ್ಟೆಯನ್ನು ಜಪ್ತಿ ಮಾಡಿಕೊಂಡು ರಹೀಂ ಶಿವಾಜಿನಗರದ ಗುಜರಿ ಸಾಲಿಗೆ ಹೋದ. ಅಪ್ಪನ ಕಾಲದಿಂದ ಗೊತ್ತಿದ್ದ ಗುಜರಿ ಅಂಗಡಿಯ ನಯಾಜ್ ಕೇಳಿಯೇ ತಲೆಯಾಡಿಸಿದ.

"ದುಡ್ಡು ಬರೋ ಟೈರ್ ಬಿಟ್ಟು ಹಬ್ ಮಾತ್ರ ಒಯ್ದವ್ನಾ? ಅವ್ನು ಕಳ್ಳ ಅಲ್ಲ ರಹೀಂ ಭಾಯ್. ಇಲ್ಲಿಗೆ ಬರೋದೂ ಇಲ್ಲ."

ಆಮೇಲೆ ನಯಾಜ್ ಬಟ್ಟೆಯನ್ನು ಬೆಳಕಿಗೆ ಹಿಡಿದ. ಅದು ಹಳೆ ಸೀರೆಗಳ ತುಂಡುಗಳನ್ನು ಪದರ ಪದರವಾಗಿ ಸೇರಿಸಿ, ಸಾಲುಸಾಲು ದಾರ ಹಾಕಿ ಹೊಲಿದ, ಉತ್ತರ ಕರ್ನಾಟಕದ ಕಡೆ ಹೊದೆಯುವ ಕೌದಿಯ ಚೂರು. ಕೆಲಸಗಾರರಲ್ಲಿ ಹೆಚ್ಚಿನವರು ಕಲಬುರಗಿ ಕಡೆಯವರೆಂದು ಭಾರ್ಗವ್ ಹೇಳಿದ್ದು ರಹೀಮನಿಗೆ ನೆನಪಾಯಿತು.

ಮೂರೂವರೆಗೆ ಇನ್‌ಸ್ಪೆಕ್ಟರ್ ಮತ್ತು ಮಹಿಳಾ ಪೇದೆ ರಾಜೇಶ್ವರಿಯ ಜೊತೆ ಅವನು ಮತ್ತೆ ಹೊರಮಾವಿಗೆ ಬಂದ. ಗಾಲಿ ಇಲ್ಲದ್ದರಿಂದ ಅಂದು ಯಾರೂ ಕೆಲಸಕ್ಕೆ ಹೋಗಿರಲಿಲ್ಲ. ಶೆಡ್ಡುಗಳ ಮುಂದೆ ಹಗ್ಗದ ಮೇಲೆ ಕೌದಿಗಳು ಒಣಗುತ್ತಿದ್ದವು. ಒಂದರ ಮೂಲೆಯನ್ನು ಯಾರೋ ಹೊಸದಾಗಿ ಕತ್ತರಿಸಿದ್ದರು.

"ಇದು ಯಾರದಮ್ಮ?" ರಹೀಂ ಕೇಳಿದ.

"ನಂದ್ರಿ," ಎಂದು ನಲವತ್ತರ ಹೆಂಗಸೊಬ್ಬಳು ಎದ್ದು ನಿಂತಳು. ಹೆಸರು ಜಟ್ಟೆಮ್ಮ. ಮುಂದೇನೂ ಕೇಳುವ ಮೊದಲೇ ಒಳಗೆ ಹೋಗಿ, ಜೋಳದ ಡಬ್ಬಿಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಬ್ ಅನ್ನು ಎರಡೂ ಕೈಯಲ್ಲಿ ಹೊತ್ತು ತಂದಳು. "ನಾ ಕದ್ದಿಲ್ರಿ ಸಾಹೇಬ್ರ. ಬಿಚ್ಚಿಟ್ಟೀನಿ."

"ಯಾರು ಕಲಿಸಿದ್ರು ಇದನ್ನೆಲ್ಲ?" ಎಂದ ರಹೀಂ.

"ಊರಾಗ ನಮ್ಮಪ್ಪಂದು ಟೈರಿನ ಬಂಡಿ ಇತ್ರಿ. ಗಾಲಿ ಬಿಚ್ಚೋದು, ಗ್ರೀಸ್ ತುಂಬೋದು ನಂದೇ ಕೆಲಸ. ಈ ಗಾಲಿ ಎರಡು ತಿಂಗಳಿಂದ ಅಳ್ಳಾಡಲಿಕತ್ತಿತ್ತು. ಸಂಜಿಗೆ ಇಳದು ಮುಟ್ಟಿದ್ರ ಕೈ ಸುಡತಿತ್ತು. ಮಾಲಕರಿಗೆ ಮೂರು ಸಲ ಹೇಳೀನಿ."

ರಹೀಂ ಸಾಕ್ಷಿಗೆ ಕರೆದ ಪಂಚರ ಎದುರು ಪೇಪರ್ ಹಾಸಿ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ ಹೋದ. ಮೇಲೆ ಹೊಸ ಹಳದಿ ಗ್ರೀಸು, ಒಳಗೆ ಸುಟ್ಟ ಡಾಂಬರಿನಂಥ ಕಪ್ಪು. ರೋಲರುಗಳ ಮೈ ಚಕ್ಕೆಚಕ್ಕೆಯಾಗಿ ಎದ್ದಿತ್ತು. ಅವನ್ನು ಹಿಡಿದಿಡುವ ಬಳೆ ಎರಡು ಕಡೆ ಒಡೆದಿತ್ತು.

"ಎಷ್ಟು ದಿನ ಓಡ್ತಿತ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ದಿನದ ಮಾತಿಲ್ಲ ಸಾರ್. ಸೈಟಿಗೆ ಹೋಗೋ ದಾರೀಲಿ ಮೇಲ್ಸೇತುವೆ ಇಳಿಯೋವಾಗ ಗಾಲಿ ಕಳಚ್ಕೊಂಡ್ ಹೋಗ್ತಿತ್ತು."

ಹಿಂದೆ ನಿಂತಿದ್ದ ಗರ್ಭಿಣಿಯೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಜಟ್ಟೆಮ್ಮನ ತಂಗಿ ನಾಗರತ್ನಾ. ಏಳು ತಿಂಗಳು. ದಿನವೂ ಆ ಗಾಲಿಯ ಮೇಲಿನ ಮೂಲೆಯಲ್ಲೇ ಅವಳು ಕೂರುತ್ತಿದ್ದಳು.

"ತಂಗಿನ ಹತ್ತಿಸದೇ ಇದ್ದಿದ್ರೆ ಆಗ್ತಿತ್ತಲ್ಲಮ್ಮ," ಎಂದ ರಹೀಂ.

"ಅಕೀನ ಇಳಿಸ್ಕೋತಿದ್ದೆರಿ. ಉಳದೋರು?"

ಶ್ರೀಕಂಠಯ್ಯ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಎಫ್‌ಐಆರ್ ಆಗಿದೆ, ಮಾಲು ಇವರ ಹತ್ರ ಸಿಕ್ಕಿದೆ. ಅರೆಸ್ಟ್ ಮಾಡ್ಲೇಬೇಕು. ಆದ್ರೆ ಈ ಬೇರಿಂಗನ್ನ ಬೇರೆಯಾಗಿ ಸೀಲ್ ಮಾಡಿ. ಜನರ ಪ್ರಾಣಕ್ಕೆ ಅಪಾಯ ತಂದಿದ್ದಕ್ಕೆ ಭಾರ್ಗವ್ ಮೇಲೆ ಮುನ್ನೂರ ಮೂವತ್ತಾರು ಹಾಕ್ತೀನಿ, ದೂರುದಾರ ನಾನೇ. ನಾಳೆ ಈಕೆ ಜಾಮೀನು ಕೇಳಿದ್ರೆ ನಮ್ಮ ತಕರಾರಿಲ್ಲ ಅಂತ ಬರೀರಿ."

ನಾಲ್ಕೂ ನಲವತ್ತಕ್ಕೆ ಬಂಧನ. ರಾಜೇಶ್ವರಿ ಕೈ ಹಿಡಿಯಲಿಲ್ಲ, ಪಕ್ಕದಲ್ಲಿ ನಡೆದಳು ಅಷ್ಟೆ. ಜೀಪು ಹತ್ತುವಾಗ ಜಟ್ಟೆಮ್ಮ ಒಲೆಯ ಮೇಲಿನ ಸಾರು ಇಳಿಸಲು ತಂಗಿಗೆ ಹೇಳಿದಳು.

ದಾರಿಯಲ್ಲಿ ರಹೀಂ ಹಿಂದಕ್ಕೆ ತಿರುಗಿದ. "ಪೊಲೀಸ್ ಬರ್ತಾರೆ ಅಂತ ಗೊತ್ತಿರಲಿಲ್ವಾ ಅಮ್ಮ?"

"ಗೊತ್ತಿತ್ರಿ," ಎಂದಳು ಜಟ್ಟೆಮ್ಮ. "ಗಾಲಿ ಕೆಟ್ಟದಂದ್ರ ಯಾರೂ ಬರಲಿಲ್ಲ. ಕಳುವಾಗೇದಂದ್ರ ಯಾರಾರ ಬಂದು ನೋಡ್ತಾರಂತ ಮಾಡಿದ್ದೆ."

ಠಾಣೆಗೆ ಬಂದ ಮೇಲೆ ರಹೀಂ ಕೇಸ್ ಡೈರಿಯಲ್ಲಿ, ಕೃತ್ಯಕ್ಕೆ ಕಾರಣ ಬರೆಯುವ ಜಾಗದಲ್ಲಿ, ಅವಳ ಆ ಎರಡು ಮಾತನ್ನು ಒಂದಕ್ಷರವೂ ತಿದ್ದದೆ ಇಳಿಸಿದ.