ಅಭ್ಯಾಸದ ಮೆಸೇಜು

ಸ್ವೈಪ್ ಅಂದರೆ ಎಂತ ಅಂತ ಪ್ರಖ್ಯಾತ್ ಮೊದಲ ದಿನವೇ ಕೇಳಿದ್ದರು. ನಾನು ಫೋನಿನ ಮೇಲೆ ಬೆರಳು ಎಳೆದು, "ಹೀಗೆ" ಎಂದೆ.

"ಹೀಗೆ ಅಂದ್ರೆ ನನಗೆ ಕಾಣ್ಬೇಕಲ್ಲ ಟೀಚರೇ," ಎಂದು ನಕ್ಕರು.

ನನ್ನ ಬುದ್ಧಿಗೆ ನನಗೇ ನಾಚಿಕೆಯಾಯಿತು. ಕಣ್ಣು ಕಾಣದವರಿಗೆ ಫೋನ್ ಕಲಿಸಲೆಂದೇ ಪುತ್ತೂರು ಬಸ್ ಸ್ಟ್ಯಾಂಡ್ ಹತ್ತಿರದ ಆ ತರಬೇತಿ ಕೇಂದ್ರಕ್ಕೆ ಸೇರಿದವಳು ನಾನು. ಅವರ ಅಂಗೈಯನ್ನೇ ಸ್ಕ್ರೀನ್ ಮಾಡಿಕೊಂಡೆ. ಬೆರಳು ಎಡದಿಂದ ಬಲಕ್ಕೆ ಸರಿದರೆ ಮುಂದಿನದು. ಒಮ್ಮೆ ಮುಟ್ಟಿದರೆ ಫೋನ್ ಹೆಸರು ಹೇಳುತ್ತದೆ, ಎರಡು ಸಲ ಬೇಗ ತಟ್ಟಿದರೆ ತೆರೆಯುತ್ತದೆ. ಕಡಬದ ಬಸ್ ಓಡಿಸುತ್ತಿದ್ದ ಒರಟು ಕೈ ಅದು. ಅಪಘಾತದಲ್ಲಿ ಅವರ ಕಣ್ಣು ಹೋಗಿ ವರ್ಷ ಕಳೆದಿತ್ತು. ಮೂರನೇ ವಾರಕ್ಕೆ ಆ ಕೈ ಬಿಡುವುದೇ ನನಗೆ ಕಷ್ಟವಾಯಿತು.

ಅಭ್ಯಾಸಕ್ಕೆಂದು ದಿನಾ ಸಂಜೆ ಒಂದು ಮೆಸೇಜು ಕಳಿಸುತ್ತಿದ್ದೆ. "ನನಗೆ ತಲೆನೋವು ಜೋರು", "ಸವಣೂರಿನಲ್ಲಿ ಆನೆ ಬಂದಿದೆ", ಹೀಗೆ ಬಾಯಿಗೆ ಬಂದ ಸುಳ್ಳುಗಳು. ಅವರು ತಾವೇ ತೆರೆದು, ಕೇಳಿ, "ಓದಿದೆ" ಎಂದು ಉತ್ತರಿಸಬೇಕು. ಅಷ್ಟೇ ಪಾಠ.

ಗುರುವಾರ ಮಾತ್ರ ನಿಜ ಬರೆದೆ. "ಶನಿವಾರ ಹೆಣ್ಣು ನೋಡಲು ಸುಳ್ಯದಿಂದ ಬರುತ್ತಾರೆ. ನನಗೆ ನೀವು ಬೇಕು. ಒಂದು ಮಾತು ಹೇಳಿದರೆ ಅವರನ್ನು ಬೇಡ ಅನ್ನುತ್ತೇನೆ."

ಉತ್ತರ ಬಂತು. "ಓದಿದೆ. ನಾಳೆಯ ಪಾಠ ಎಂತ?"

ಮಾಡಿದ್ದುಣ್ಣೋ ಮಹರಾಯ. "ಇದು ಅಭ್ಯಾಸ ಅಲ್ಲ, ನಿಜ" ಎಂದು ಬರೆದೆ. ಅದಕ್ಕೂ "ಓದಿದೆ". ಫೋನ್ ಮಾಡಿದರೆ ಎತ್ತಲಿಲ್ಲ. ಶುಕ್ರವಾರ ಕ್ಲಾಸಿಗೂ ಬರಲಿಲ್ಲ. ಶನಿವಾರ ಬೆಳಿಗ್ಗೆ ಮನೆಯಲ್ಲಿ ನೆಂಟರಿಗೆ ತಿಂಡಿ ತಯಾರಾಗುತ್ತಿರುವಾಗ, ಹೂ ತರುತ್ತೇನೆಂದು ಹೇಳಿ ಅವರ ಊರು ನರಿಮೊಗರಿನ ಬಸ್ ಹತ್ತಿದೆ. ದಾರಿಯಿಡೀ ಅಳು ತಡೆಯಲಾಗಲಿಲ್ಲ.

ಅವರ ತಾಯಿ ಸತ್ಯವತಿ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದರು. ನಾನು ಭವಿತಾ ಎಂದದ್ದೇ, ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು.

"ಎರಡು ದಿನದಿಂದ ಅವ ಸರಿ ಊಟ ಮಾಡ್ಲಿಲ್ಲ ಮಗಾ. ನಿನ್ನ ಆ ಮೆಸೇಜನ್ನೇ ಮತ್ತೆ ಮತ್ತೆ ಓದಿಸುದು. ಫೋನ್ ಗಟ್ಟಿ ಓದ್ತದಲ್ಲ, ನನಗೂ ಬಾಯಿಪಾಠ ಆಗಿ ಉಂಟು."

ನನ್ನ ದನಿ ಕೇಳಿ ಪ್ರಖ್ಯಾತ್ ಜಗಲಿಯಲ್ಲಿ ಎದ್ದು ನಿಂತಿದ್ದರು.

"ನೀವು ಅದನ್ನೂ ಅಭ್ಯಾಸ ಅಂತ ತಿಳ್ಕೊಂಡ್ರಿ ಅಂದ್ಕೊಂಡಿದ್ದೆ," ಎಂದೆ.

"ಹಾಗೆ ನೀವು ನಂಬಲಿ ಅಂತಲೇ ಬರೆದದ್ದು. ಕಣ್ಣಿಲ್ಲದವನ ಒಟ್ಟಿಗೆ ನಿಮ್ಮ ಜೀವನ ಎಂತಕ್ಕೆ ಹಾಳಾಗುದು?"

ಸಿಟ್ಟು, ಪ್ರೀತಿ ಎರಡೂ ಒಟ್ಟಿಗೇ ಉಕ್ಕಿ ಬಂದವು. "ಹನ್ನೊಂದು ಗಂಟೆಗೆ ಅವರು ಬರ್ತಾರೆ. ನಾನು ಬೇಡಾದ್ರೆ ಬಾಯಿಬಿಟ್ಟು ಬೇಡ ಅನ್ನಿ. ಈಗಲೇ ಹೋಗ್ತೇನೆ."

ಅವರು ಜೇಬಿನಿಂದ ಫೋನ್ ತೆಗೆದರು.

"ಬೇಡ ಅನ್ಲಿಕ್ಕೆ ನನ್ನಿಂದ ಆಗುದಿಲ್ಲ," ಎಂದರು. "ನಿಮ್ಮ ಅಪ್ಪನ ನಂಬರ್ ಹೇಳಿ."

ನಾನು ಒತ್ತುತ್ತೇನೆ ಎಂದರೆ ಕೊಡಲಿಲ್ಲ. ಒಂದೊಂದೇ ಅಂಕಿ ಹುಡುಕಿ, ಫೋನ್ ಅದನ್ನು ಹೇಳಿದ ಮೇಲೆ ಎರಡೆರಡು ಸಲ ತಟ್ಟಿದರು. ಎರಡು ಸಲ ತಪ್ಪಿತು. ಅಳಿಸಿ ಮತ್ತೆ ಒತ್ತಿದರು. ಆ ಕಡೆ ಅಪ್ಪ ಯಾರೆಂದು ಕೇಳಿದರು.

"ನಾನು ನರಿಮೊಗರಿನ ಪ್ರಖ್ಯಾತ್. ನನಗೆ ಕಣ್ಣು ಕಾಣುದಿಲ್ಲ." "ನಿಮ್ಮ ಮಗಳನ್ನು ನನಗೆ ಕೊಡ್ತೀರಾ ಅಂತ ಕೇಳ್ಲಿಕ್ಕೆ ಫೋನ್ ಮಾಡಿದ್ದು."